ಮುಂಭಾಗದ ಹೆಸರು ನಂಬಬೇಡಿ, ತಿರುಗಿಸಿ ನೋಡಿ: ಹಳೇ ಕಂಪ್ಯೂಟರ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ ಇವೆ. ಅಟ್ಟದಲ್ಲೋ ಆಫೀಸಿನ ಉಗ್ರಾಣದಲ್ಲೋ ಒಂದು ಹಳೇ ಕಂಪ್ಯೂಟರ್ ಸಿಕ್ಕಿದೆ, ಇದು ಯಾವುದು, ಯಾವ ಕಾಲದ್ದು, ಇಟ್ಟುಕೊಳ್ಳಬೇಕಾ ಅಂತ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಮುಂದೆ ಓದುವ ಮೊದಲು ಒಂದು ಮಾತು. ಸಿಕ್ಕ ಮೆಷಿನ್‌ಗೆ ಇನ್ನೂ ಕರೆಂಟ್ ಕೊಟ್ಟಿಲ್ಲ ಅಂದರೆ ಕೊಡಬೇಡಿ. ಯಾಕೆ ಅನ್ನೋದು ಮೊದಲ ಉತ್ತರದಲ್ಲೇ ಇದೆ.

ಪ್ರಶ್ನೆ: ಸೋದರಮಾವನ ಮನೆ ಖಾಲಿ ಮಾಡುವಾಗ ದಪ್ಪ ಕೀಬೋರ್ಡಿನ ಥರ ಇರುವ ಕಂದು ಬಣ್ಣದ ಕಂಪ್ಯೂಟರ್ ಸಿಕ್ಕಿತು. ಕಮೊಡೋರ್ ಅಂತ ಓದಬಹುದು, ಪಕ್ಕದಲ್ಲಿ ಕಾಮನಬಿಲ್ಲಿನ ಪಟ್ಟಿ ಇದೆ, ಮಾದರಿಯ ಹೆಸರು ಮಾತ್ರ ಸವೆದು ಹೋಗಿದೆ. ಇದು ಕಮೊಡೋರ್ 64 ಹೌದಾ? ಜೊತೆಗೆ ಭಾರವಾದ ಕಪ್ಪು ಅಡಾಪ್ಟರ್ ಇದೆ. ಹಾಕಿ ನೋಡಬಹುದಾ?

ಉತ್ತರ: ಹಾಕಬೇಡಿ. ಮೊದಲು ಅದೇ ಹೇಳಿಬಿಡುತ್ತೇನೆ. ಕಮೊಡೋರ್ 64ರ ಅಡಾಪ್ಟರ್ ಎರಡು ಥರದ ಕರೆಂಟ್ ಕೊಡುತ್ತದೆ, 5 ವೋಲ್ಟ್ ಡಿಸಿ ಮತ್ತು 9 ವೋಲ್ಟ್ ಎಸಿ. ಒಳಗೆಲ್ಲ ಎಪಾಕ್ಸಿ ಅಂಟು ತುಂಬಿ ಮುಚ್ಚಿಬಿಟ್ಟಿರುತ್ತಾರೆ, ಶಾಖ ಹೊರಗೆ ಹೋಗೋಕೆ ದಾರಿಯೇ ಇಲ್ಲ. ವರ್ಷಗಳು ಕಳೆದ ಮೇಲೆ ವೋಲ್ಟೇಜನ್ನು ಹಿಡಿತದಲ್ಲಿಡುವ ಒಳಗಿನ ರೆಗ್ಯುಲೇಟರ್ ಕೆಡುತ್ತದೆ, ಕೆಟ್ಟಾಗ 5 ವೋಲ್ಟ್ ಕಡಿಮೆಯಾಗುವ ಬದಲು ಏರುತ್ತದೆ, ಏರಿದ ಕರೆಂಟಿಗೆ ಮೊದಲು ಸಾಯುವುದು ಮೆಮೊರಿ ಚಿಪ್‌ಗಳು. ಮಲ್ಟಿಮೀಟರ್ ಹಿಡಿದು ನೋಡಿದೆ, ಸರಿಯಾಗಿ 5 ಬಂತು ಅಂತ ನೆಮ್ಮದಿ ಪಡಬೇಡಿ, ಬಿಸಿಯಾದ ಮೇಲೆ ಏರುವ ಅಡಾಪ್ಟರ್‌ಗಳೂ ಇವೆ. ಈ ಮೆಷಿನ್‌ಗೆಂದೇ ಈಗ ಹೊಸದಾಗಿ ತಯಾರಿಸಿದ ಪವರ್ ಸಪ್ಲೈ ತರಿಸಿಕೊಳ್ಳಿ. ಹಳೆಯದನ್ನು ಎಸೆಯುವುದೂ ಬೇಡ, ಬಳಸುವುದೂ ಬೇಡ, ಜೊತೆಯಲ್ಲಿ ಇಟ್ಟಿರಿ.

ಈಗ ಗುರುತಿನ ವಿಷಯ. ಕಮೊಡೋರ್ ಕಂಪನಿ ಒಂದೇ ಆಕಾರದ ಪೆಟ್ಟಿಗೆಯನ್ನು ಮೂರು ಬೇರೆ ಮೆಷಿನ್‌ಗಳಿಗೆ ಬಳಸಿತು. ವಿಕ್-20 ತಿಳಿ ಬಿಳಿ ಬಣ್ಣದ್ದು, 1982ರ ಕಮೊಡೋರ್ 64 ಕಂದು, 1984ರ ಕಮೊಡೋರ್ 16 ಗಾಢ ಬೂದು ಬಣ್ಣದ್ದು, ಅದರ ಕೀಗಳು ತಿಳಿ ಬಣ್ಣದವು. ನಿಮ್ಮದು ಕಂದು ಅಂದಿರಿ, ಹಾಗಾಗಿ 64 ಇರಬಹುದು. ಆದರೆ ಬಿಸಿಲಿಗೆ ಬಿಳಿಯದೂ ಕಂದಾಗುತ್ತದೆ! ಅದಕ್ಕೇ ಬಲಗಡೆ ನೋಡಿ. ಜಾಯ್‌ಸ್ಟಿಕ್ ಹಾಕುವ ಜಾಗ ಎರಡಿದ್ದರೆ 64, ಒಂದೇ ಇದ್ದರೆ ವಿಕ್-20. ಸರಿಯಾದ ಸಪ್ಲೈ ಬಂದ ಮೇಲೆ ಪರದೆ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಶುರುವಿನಲ್ಲಿ ಬೇಸಿಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗೆ ಎಷ್ಟು ಬೈಟ್ ಖಾಲಿ ಇದೆ ಅಂತ ತೋರಿಸುತ್ತದಲ್ಲ, ಅದು 38911 ಅಂದರೆ 64, 3583 ಅಂದರೆ ವಿಕ್-20, 12277 ಅಂದರೆ 16. ಈ ಮೂರು ಸಂಖ್ಯೆ ಬರೆದಿಟ್ಟುಕೊಳ್ಳಿ, ತುಂಬಾ ಉಪಯೋಗಕ್ಕೆ ಬರುತ್ತವೆ.

64 ಅಂತ ಆದ ಮೇಲೂ ಕೆಲಸ ಮುಗಿಯಲ್ಲ, ನನಗಂತೂ ಅಲ್ಲಿಂದಲೇ ಕುತೂಹಲ ಶುರು. ಹಿಂದುಗಡೆ ವಿಡಿಯೊ ಹೊರಬರುವ ದುಂಡು ಸಾಕೆಟ್‌ನಲ್ಲಿ ತೂತು ಎಣಿಸಿ. ಐದಿದ್ದರೆ ಬಲು ಮುಂಚಿನ ಬೋರ್ಡ್ (ಚಿಪ್‌ಗಳನ್ನು ಕೂರಿಸಿದ ಹಲಗೆ), ಎಂಟಿದ್ದರೆ ನಂತರದ್ದು. ಕೆಳಗಿನ ಮೂರು ಸ್ಕ್ರೂ ಬಿಚ್ಚಿದರೆ ಬೋರ್ಡಿನ ಮೇಲೆ ಆರಂಕಿಯ ನಂಬರ್ ಸಿಗುತ್ತದೆ. 326298 ಅಂತಿದ್ದರೆ ಅದು ಐದು ತೂತಿನ ಹಳೇ ಬೋರ್ಡ್, 250469 ಅಂತಿದ್ದರೆ ಕೊನೆಗಾಲದ ಚಿಕ್ಕ ಬೋರ್ಡ್. ಸಂಗೀತದ ಚಿಪ್ ಹಳೆಯದರಲ್ಲಿ 6581, ಹೊಸದರಲ್ಲಿ 8580, ಎರಡರ ದನಿಯೂ ಬೇರೆ, ಕಿವಿ ಪಳಗಿದವರು ಕಣ್ಣು ಮುಚ್ಚಿ ಹೇಳುತ್ತಾರೆ. 1986ರಲ್ಲಿ ತೆಳು ಬಿಳಿ ಪೆಟ್ಟಿಗೆಯ 64ಸಿ ಬಂತು. ಹೊಸ ಪೆಟ್ಟಿಗೆ ಅಂದರೆ ಹೊಸ ಬೋರ್ಡ್ ಅಂದುಕೊಳ್ಳುತ್ತೇವೆ, ಅಲ್ವಾ? ಮೊದಮೊದಲ 64ಸಿಗಳಲ್ಲಿ ಹಳೇ ಬೋರ್ಡನ್ನೇ ಹಾಕಿದ್ದಾರೆ. ಇನ್ನೊಂದು ಕಡೆ ಜರ್ಮನಿಯಲ್ಲಿ ಮಾರಿದ 64ಜಿ ನೋಡೋಕೆ ಹಳೇ ಆಕಾರದ್ದು, ಒಳಗೆ ಹೊಸ ಬೋರ್ಡ್. ಕಾರ್ಖಾನೆಯವರೇ ಹೀಗೆ ಬೆರೆಸಿದ್ದಾರೆ ಅಂದ ಮೇಲೆ ಹೊರಗಿನ ಹೆಸರಿನ ಪಟ್ಟಿ ನೋಡಿ ತೀರ್ಮಾನ ಮಾಡುವುದು ಹೇಗೆ?

ಪ್ರಶ್ನೆ: ರಬ್ಬರ್ ಕೀ ಇರುವ ಸಿಂಕ್ಲೇರ್ ಸ್ಪೆಕ್ಟ್ರಮ್ ನನ್ನ ಹತ್ತಿರ ಇದೆ, ಕೆಲಸ ಮಾಡುತ್ತದೆ. ಮೆಮೊರಿ 16ಕೆನಾ 48ಕೆನಾ (ಕೆ ಅಂದರೆ ಕಿಲೋಬೈಟ್) ಅಂತ ಹೊರಗೆಲ್ಲೂ ಬರೆದಿಲ್ಲ. ಬಿಚ್ಚದೇ ತಿಳಿಯಬಹುದಾ? ಪರದೆ ಮೇಲೆ 1982 ಅಂತ ಬರುತ್ತದೆ, ಅಂದರೆ ಮೊದಲ ವರ್ಷದ್ದೇ ಅಲ್ವಾ?

ಉತ್ತರ: ಬಿಚ್ಚಬೇಕಿಲ್ಲ. ಪ್ರಿಂಟ್ ಪೀಕ್ 23732 + 256 * ಪೀಕ್ 23733 ಅಂತ ಕೊಟ್ಟು ಎಂಟರ್ ಒತ್ತಿ. 65535 ಬಂದರೆ 48ಕೆ, 32767 ಬಂದರೆ 16ಕೆ. ಮೆಮೊರಿ ಎಲ್ಲಿಗೆ ಮುಗಿಯುತ್ತದೆ ಅಂತ ಮೆಷಿನ್ ಆನ್ ಆದಾಗ ತಾನೇ ಪರೀಕ್ಷೆ ಮಾಡಿ ಅಲ್ಲಿ ಬರೆದಿಟ್ಟಿರುತ್ತದೆ, ನೀವು ಅದನ್ನು ಓದುತ್ತೀರಿ ಅಷ್ಟೇ. ಹಾಗಂತ 48ಕೆ ಬಂದರೆ ಕಾರ್ಖಾನೆಯಿಂದಲೇ 48ಕೆ ಆಗಿ ಬಂತು ಅಂತಲ್ಲ. 16ಕೆ ಕೊಂಡು ಆಮೇಲೆ ಚಿಪ್ ಸೇರಿಸಿಕೊಂಡವರು ಬಹಳ ಜನ.

1982ರ ವಿಷಯ ಬೇರೆ. ಅದು ಒಳಗಿನ ಪ್ರೋಗ್ರಾಂನ ಹಕ್ಕಿನ ವರ್ಷ, ಮೆಷಿನ್ ತಯಾರಾದ ವರ್ಷ ಅಲ್ಲ. 1984ರಲ್ಲಿ ಗಟ್ಟಿ ಪ್ಲಾಸ್ಟಿಕ್ ಕೀಗಳ ಸ್ಪೆಕ್ಟ್ರಮ್ ಪ್ಲಸ್ ಬಂತು, ಅದರಲ್ಲೂ 1982 ಅಂತಲೇ ಬರುತ್ತದೆ. ನಿಮ್ಮದು ನಿಜಕ್ಕೂ ಮೊದಲ ಕಂತಿನದ್ದಾ ಅಂತ ತಿಳಿಯಲು ಕೀಗಳ ಬಣ್ಣ ನೋಡಿ. ಮೊದಲ ಬೋರ್ಡಿನ ಮೆಷಿನ್‌ಗಳಿಗೆ ತಿಳಿ ಬೂದು ಕೀ, ಎರಡನೆಯದರಿಂದ ನೀಲಿ ಮಿಶ್ರಿತ ಬೂದು. ಇದೂ ಪೂರ್ತಿ ಸಾಕ್ಷಿ ಅಲ್ಲ, ರಬ್ಬರ್ ಹಾಳೆ ಬದಲಾಯಿಸುವುದು ಸುಲಭ. ಬೋರ್ಡಿನ ಮೇಲೆ ಎಷ್ಟನೇ ಇಷ್ಯೂ (ಆವೃತ್ತಿ) ಅಂತ ಅಚ್ಚಾಗಿರುತ್ತದೆ, ಕೊನೆಯ ಮಾತು ಅದರದ್ದು.

ಒಂದು ಎಚ್ಚರಿಕೆ. ಸ್ಪೆಕ್ಟ್ರಮ್‌ನ 9 ವೋಲ್ಟ್ ಪಿನ್ನಿನಲ್ಲಿ ನಡುವೆ ಮೈನಸ್, ಹೊರಗೆ ಪ್ಲಸ್. ಈಗ ಸಿಗುವ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಇದು ಉಲ್ಟಾ. ಪಿನ್ ಕೂತಿತು ಅಂತ ಹಾಕಿದರೆ ಮುಗಿಯಿತು. ಮುಂದೆ ಇದರ ಅಣ್ಣತಮ್ಮಂದಿರನ್ನೂ ಸೇರಿಸುವ ಆಸೆ ಇದ್ದರೆ, ಬಲಗಡೆ ಲೋಹದ ಶಾಖಪಟ್ಟಿ ಇರುವುದು 128, ಕ್ಯಾಸೆಟ್ ಪ್ಲೇಯರ್ ಸೇರಿಕೊಂಡ ಬೂದು ಬಣ್ಣದ್ದು 1986ರ ಪ್ಲಸ್ 2. ಅದರ ಕಪ್ಪು ತಮ್ಮ ಪ್ಲಸ್ 2ಎ ಹೊರಗಿನಿಂದ ಬಣ್ಣ ಬದಲಾದ ಅದೇ ಮೆಷಿನ್ ಥರ ಕಾಣುತ್ತದೆ, ಒಳಗೆ ಮಾತ್ರ ಡಿಸ್ಕ್ ಡ್ರೈವ್ ಇರುವ ಪ್ಲಸ್ 3ರ ಜಾತಿ. ಅದಕ್ಕೇ ಕೆಲವು ಹಳೇ ಗೇಮ್‌ಗಳು ಬೂದು ಬಣ್ಣದ್ದರಲ್ಲಿ ಓಡುತ್ತವೆ, ಕಪ್ಪಿನಲ್ಲಿ ಓಡುವುದಿಲ್ಲ.

ಪ್ರಶ್ನೆ: ಮೆಷಿನ್ ಯಾವ ವರ್ಷ ತಯಾರಾಯಿತು ಅಂತ ಖಚಿತವಾಗಿ ಹೇಳುವ ದಾರಿ ಇದೆಯಾ? ಸೀರಿಯಲ್ ನಂಬರ್ ಹಾಕಿ ಹುಡುಕಿದರೆ ಏನೂ ಸಿಗುತ್ತಿಲ್ಲ.

ಉತ್ತರ: ಸೀರಿಯಲ್ ನಂಬರ್ ಬಿಟ್ಟು ಚಿಪ್ ಓದಿ. ಬಹುತೇಕ ಚಿಪ್‌ಗಳ ಬೆನ್ನ ಮೇಲೆ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ, ಮೊದಲೆರಡು ವರ್ಷ, ಆಮೇಲಿನೆರಡು ವಾರ. 8423 ಅಂದರೆ 1984ರ 23ನೇ ವಾರ. ಬೋರ್ಡಿನ ಮೇಲಿರುವ ಎಲ್ಲ ಚಿಪ್ ಓದಿ, ಎಲ್ಲಕ್ಕಿಂತ ಈಚಿನದು ಯಾವುದು ನೋಡಿ. ಮೆಷಿನ್ ಅದಕ್ಕಿಂತ ಮುಂಚೆ ತಯಾರಾಗಿರಲು ಸಾಧ್ಯವಿಲ್ಲ. ಇಪ್ಪತ್ತು ಚಿಪ್ 1983ರ ಕೊನೆಯಲ್ಲಿ ಬಂದು ಸೇರಿ, ಒಂದೇ ಒಂದು 1987 ಅಂತ ಇದ್ದರೆ ಅದು ರಿಪೇರಿಯಲ್ಲಿ ಹಾಕಿದ್ದು. ಆ ಚಿಪ್‌ನ ಸುತ್ತ ಬೆಸುಗೆ ನೋಡಿದರೆ ಗೊತ್ತಾಗುತ್ತದೆ, ಕೈಯಿಂದ ಮಾಡಿದ ಬೆಸುಗೆ ಕಾರ್ಖಾನೆಯದ್ದರ ಹಾಗೆ ಒಂದೇ ಸಮ ಇರುವುದಿಲ್ಲ.

ಎಡವುವ ಜಾಗ ಒಂದಿದೆ. ಚಿಪ್‌ನ ಹೆಸರೇ ತಾರೀಖಿನ ಹಾಗೆ ಕಾಣಬಹುದು. 8250 ಅನ್ನೋದು ಸೀರಿಯಲ್ ಪೋರ್ಟ್ ಚಿಪ್‌ನ ಹೆಸರು, 1982ರ 50ನೇ ವಾರ ಅಲ್ಲ. ಕಮೊಡೋರ್ 128ರ ಪ್ರೊಸೆಸರ್ ಹೆಸರು 8502, ಮೆಷಿನ್ ಬಂದದ್ದೂ 1985ರಲ್ಲೇ, ಯಾರಾದರೂ ಮೋಸ ಹೋಗುತ್ತಾರೆ. ವಾರ 53ಕ್ಕಿಂತ ಜಾಸ್ತಿ ಬಂದರೆ ಅದು ತಾರೀಖಲ್ಲ ಅನ್ನೋದು ಸುಲಭದ ಜರಡಿ. ಅದರಲ್ಲೂ ಸಂದೇಹ ಉಳಿದರೆ ಪಕ್ಕದ ಚಿಪ್‌ಗಳ ಜೊತೆ ಹೋಲಿಸಿ.

ಪ್ರಶ್ನೆ: ನಮ್ಮ ಆಫೀಸಿನ ಉಗ್ರಾಣದಲ್ಲಿ ಐಬಿಎಂ ಕಂಪ್ಯೂಟರ್ ಒಂದು ಬಿದ್ದಿದೆ. ಅದು ಮೊಟ್ಟಮೊದಲ ಪಿಸಿ ಅಂತ ಒಬ್ಬರು, ಅಲ್ಲ ಎಕ್ಸ್‌ಟಿ ಅಂತ ಇನ್ನೊಬ್ಬರು. ಒಳಗೆ ಹಾರ್ಡ್ ಡಿಸ್ಕ್ ಇದೆ. ಹಾಗಾದರೆ ಎಕ್ಸ್‌ಟಿ ತಾನೇ?

ಉತ್ತರ: ಹಾರ್ಡ್ ಡಿಸ್ಕ್ ನೋಡಿ ಹೇಳಲಾಗದು. 1981ರ ಆಗಸ್ಟಿನಲ್ಲಿ ಬಂದ ಪಿಸಿಗೆ ಹಾರ್ಡ್ ಡಿಸ್ಕ್ ಇರಲಿಲ್ಲ ನಿಜ, 1983ರ ಎಕ್ಸ್‌ಟಿಯಲ್ಲಿ 10 ಮೆಗಾಬೈಟಿನದು ಬಂತು ನಿಜ. ಆದರೆ ಮೊದಲು ಪಿಸಿ ಕೊಂಡ ಆಫೀಸುಗಳು ಹೊಸದು ಕೊಳ್ಳುವ ಬದಲು ಇದ್ದದ್ದಕ್ಕೇ ಹಾರ್ಡ್ ಡಿಸ್ಕ್ ಸೇರಿಸಿಕೊಂಡವು. ಪಿಸಿಯ ಪವರ್ ಸಪ್ಲೈ ಬರೀ 63.5 ವ್ಯಾಟಿನದು, ಎಕ್ಸ್‌ಟಿಯದು 130, ಹಾಗಾಗಿ ಅದನ್ನೂ ಬದಲಾಯಿಸಬೇಕಾಗುತ್ತಿತ್ತು.

ಹಿಂದೆ ತಿರುಗಿಸಿ. ದುಂಡು ಸಾಕೆಟ್ ಎರಡಿದ್ದರೆ ಪಿಸಿ, ಒಂದು ಕೀಬೋರ್ಡಿಗೆ, ಇನ್ನೊಂದು ಕ್ಯಾಸೆಟ್ ರೆಕಾರ್ಡರಿಗೆ. ಹೌದು, ಐಬಿಎಂ ಪಿಸಿಗೆ ಕ್ಯಾಸೆಟ್ ಹಾಕಬಹುದಿತ್ತು! ಎಕ್ಸ್‌ಟಿಯಲ್ಲಿ ಒಂದೇ ಸಾಕೆಟ್. ಕಾರ್ಡ್ ಹಾಕುವ ಸ್ಲಾಟ್ ಎಣಿಸಿ, ಪಿಸಿಯಲ್ಲಿ ಐದು, ಎಕ್ಸ್‌ಟಿಯಲ್ಲಿ ಒತ್ತೊತ್ತಾಗಿ ಎಂಟು. ಹಿಂದಿನ ಲೇಬಲ್ ಉಳಿದಿದ್ದರೆ 5150 ಅಂದರೆ ಪಿಸಿ, 5160 ಎಕ್ಸ್‌ಟಿ, 5170 ಅಂದರೆ 1984ರ ಎಟಿ. ಎಟಿ ಗುರುತಿಸಲು ಇಷ್ಟೆಲ್ಲ ಬೇಡ, ಗಾತ್ರವೇ ಹೇಳುತ್ತದೆ, ಮುಂದೆ ಬೀಗದ ಕೈ ಹಾಕುವ ಜಾಗವೂ ಇರುತ್ತದೆ. ಟರ್ಬೊ ಅಂತ ಒಂದು ಗುಂಡಿ ಕಂಡರೆ ಅದು ಈ ಮೂರರಲ್ಲಿ ಯಾವುದೂ ಅಲ್ಲ, ಬೇರೆ ಯಾರೋ ಮಾಡಿದ ಹೊಂದಿಕೆಯ ಮೆಷಿನ್.

ನಿಮ್ಮದು 5150 ಅಂತಾದರೆ ಬೋರ್ಡಿನ ಅಂಚಿನಲ್ಲಿ ಅಚ್ಚಾಗಿರುವುದನ್ನು ಓದಿ. 16ರಿಂದ 64 ಕಿಲೋಬೈಟ್ ಅಂತಿದ್ದರೆ ಮುಂಚಿನದು, 64ರಿಂದ 256 ಅಂತಿದ್ದರೆ ನಂತರದ್ದು. ಅದರ ಬಯಾಸ್ (ಆನ್ ಆದಾಗ ಮೊದಲು ಓಡುವ, ಚಿಪ್ಪಿನೊಳಗಿನ ಪ್ರೋಗ್ರಾಂ) ಮೂರು ಆವೃತ್ತಿಗಳಲ್ಲಿ ಬಂತು, ಮೊದಲನೆಯದು 1981ರ ಏಪ್ರಿಲ್ 24ರದು, ಎರಡನೆಯದು ಅದೇ ವರ್ಷದ ಅಕ್ಟೋಬರ್ 19, ಕೊನೆಯದು 1982ರ ಅಕ್ಟೋಬರ್ 27. ಈ ಕೊನೆಯದು ಇದ್ದರೆ ಮಾತ್ರ ಹಾರ್ಡ್ ಡಿಸ್ಕ್ ಕಾರ್ಡನ್ನು ಮೆಷಿನ್ ತಾನೇ ಗುರುತಿಸುತ್ತದೆ. ಅಂದರೆ ನಿಮ್ಮದು ಹಳೇ ಬೋರ್ಡ್ ಆಗಿದ್ದು ಹಾರ್ಡ್ ಡಿಸ್ಕ್ ಓಡುತ್ತಿದ್ದರೆ, ಯಾರೋ ಬಯಾಸ್ ಚಿಪ್ಪನ್ನೂ ಬದಲಿಸಿದ್ದಾರೆ ಅಂತ ಆಯಿತು. ಒಂದು ಮೆಷಿನ್ ಆಫೀಸಿನಲ್ಲಿ ಹೇಗೆ ಬದುಕಿತು ಅನ್ನೋದು ಹೀಗೆ ಒಳಗಿನಿಂದ ಬಿಚ್ಚಿಕೊಳ್ಳುತ್ತದೆ ನೋಡಿ. ದಯವಿಟ್ಟು ಆ ಹಾರ್ಡ್ ಡಿಸ್ಕ್ ಕಿತ್ತು ಅಸಲಿ ಸ್ಥಿತಿಗೆ ತರುತ್ತೇನೆ ಅಂತ ಹೊರಡಬೇಡಿ. ಕಾರ್ಖಾನೆಯಿಂದ ಬಂದ ದಿನದ ಹಾಗಿರುವ 5150 ಎಷ್ಟೋ ಮ್ಯೂಸಿಯಂಗಳಲ್ಲಿ ಇದೆ, ಕೆಲಸಕ್ಕೆ ತಕ್ಕ ಹಾಗೆ ಬದಲಾದ ಆ ಮೆಷಿನ್ ನಿಮ್ಮಲ್ಲಿ ಮಾತ್ರ ಇದೆ.

ಇನ್ನು ಆನ್ ಮಾಡಿದಾಗ ಫ್ಯಾನ್ ಒಂದು ಸಲ ಅಲುಗಿ ನಿಂತುಬಿಟ್ಟರೆ ಹೆದರಬೇಡಿ. ಈ ಬೋರ್ಡ್‌ಗಳಲ್ಲಿ ಟ್ಯಾಂಟಲಮ್ ಕೆಪಾಸಿಟರ್ ಶಾರ್ಟ್ ಆಗುವುದು ಸಾಮಾನ್ಯ, ಅದಾದಾಗ ಸಪ್ಲೈ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಕೀಬೋರ್ಡ್ ಹುಡುಕುವಾಗಲೂ ಜೋಪಾನ. ಎಟಿಯ ಕೀಬೋರ್ಡ್ ಪಿನ್ ಪಿಸಿಗೆ ಸರಿಯಾಗಿ ಕೂರುತ್ತದೆ, ಆದರೆ ಎರಡೂ ಮಾತಾಡುವ ರೀತಿ ಬೇರೆ. ಪಿಸಿಗೆ, ಎಕ್ಸ್‌ಟಿಗೆ ಅವುಗಳ ರೀತಿಯದ್ದೇ ಬೇಕು, ಸಾಮಾನ್ಯವಾಗಿ 83 ಕೀಗಳದ್ದು.

ಪ್ರಶ್ನೆ: ಡಿಇಸಿ ವಿಟಿ100 ಅಂತ ಬರೆದ ಪರದೆ ಮತ್ತು ಕೀಬೋರ್ಡ್ ಸಿಕ್ಕಿದೆ. ಡಿಸ್ಕ್ ಹಾಕುವ ಜಾಗವೇ ಕಾಣುತ್ತಿಲ್ಲ. ಕಂಪ್ಯೂಟರ್ ಎಲ್ಲಿ?

ಉತ್ತರ: ಅದು ಟರ್ಮಿನಲ್. ಕಂಪ್ಯೂಟರ್ ಬೇರೆ ಕೋಣೆಯಲ್ಲಿತ್ತು, ಇದು ಅದರ ಕಣ್ಣು ಮತ್ತು ಕೈ ಮಾತ್ರ. 1978ರಲ್ಲಿ ಬಂದ ವಿಟಿ100 ಎಷ್ಟು ಹಬ್ಬಿತು ಅಂದರೆ ಇವತ್ತಿನ ಲಿನಕ್ಸ್‌ನ ಟರ್ಮಿನಲ್ ಕಿಟಕಿಗಳು ಕೂಡ ಅದೇ ಸಂಕೇತಗಳನ್ನು ಬಳಸುತ್ತವೆ. ಸೀರಿಯಲ್ ಕೇಬಲ್ ಹಾಕಿ ಈಗಿನ ಕಂಪ್ಯೂಟರಿಗೆ ಜೋಡಿಸಿದರೆ ಕೆಲಸ ಮಾಡುತ್ತದೆ. ಬಿಡುವ ಮೊದಲು ಒಂದು ಸಲ ಒಳಗೆ ನೋಡಿ. ಅದೇ ಪೆಟ್ಟಿಗೆಯಲ್ಲಿ ಝಡ್80 ಪ್ರೊಸೆಸರ್‌ನ ಬೋರ್ಡ್ ಕೂರಿಸಿ ಸಿಪಿ/ಎಂ ಅನ್ನುವ ಆಪರೇಟಿಂಗ್ ಸಿಸ್ಟಮ್ ಓಡಿಸುವ ವಿಟಿ180 ಅಂತಲೂ ಮಾಡಿದ್ದರು.

ಪ್ರಶ್ನೆ: ಹಳದಿಯಾದ ಪ್ಲಾಸ್ಟಿಕ್ಕನ್ನು ಹೈಡ್ರೊಜನ್ ಪೆರಾಕ್ಸೈಡ್ ಹಚ್ಚಿ ಬೆಳ್ಳಗೆ ಮಾಡುವ ವಿಡಿಯೊಗಳನ್ನು ನೋಡಿದೆ. ಮಾಡಬಹುದಾ?

ಉತ್ತರ: ಮಾಡಬಹುದು, ನಾನು ಬೇಡ ಅನ್ನುತ್ತೇನೆ. ಬೆಂಕಿ ಹತ್ತದಿರಲಿ ಅಂತ ಆಗಿನ ಎಬಿಎಸ್ ಪ್ಲಾಸ್ಟಿಕ್‌ಗೆ ಬ್ರೋಮಿನ್ ಇರುವ ರಾಸಾಯನಿಕ ಬೆರೆಸುತ್ತಿದ್ದರು. ಬಿಸಿಲು, ಶಾಖ, ಗಾಳಿ ಸೇರಿ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಪೆರಾಕ್ಸೈಡ್ ಮತ್ತು ನೇರಳಾತೀತ ಬೆಳಕು ಬಣ್ಣವನ್ನು ಹಿಂದಕ್ಕೆ ತರುತ್ತವೆ, ಆದರೆ ಹಳದಿ ಮತ್ತೆ ಬರಬಹುದು, ಕತ್ತಲೆಯಲ್ಲಿಟ್ಟರೂ ಬರುತ್ತದೆ. ಪೆರಾಕ್ಸೈಡ್ ಕ್ರೀಮ್ ಸಮವಾಗಿ ಹಚ್ಚದಿದ್ದರೆ ಬೀಳುವ ಮಚ್ಚೆಯನ್ನಂತೂ ಯಾರೂ ತೆಗೆಯಲಾರರು. ಸೋಪಿನ ನೀರು, ಮೆತ್ತನೆ ಬ್ರಷ್ ಸಾಕು. ಮಾಡಿಯೇ ತೀರುತ್ತೇನೆ ಅಂದರೆ ಲೇಬಲ್ ಮತ್ತು ಅಚ್ಚಿನ ಅಕ್ಷರ ಇರುವ ಭಾಗ ಬಿಟ್ಟುಬಿಡಿ.

ಪ್ರಶ್ನೆ: ಅತ್ತೆ ಬಳಸುತ್ತಿದ್ದ ಮ್ಯಾಕಿಂಟಾಶ್ ಎಸ್‌ಇ/30 ಕೊಟ್ಟಿದ್ದಾರೆ. ಹತ್ತಾರು ವರ್ಷ ಕಪಾಟಿನಲ್ಲೇ ಇತ್ತು, ಹೊರಗಿನಿಂದ ಹೊಸದರ ಹಾಗಿದೆ. ಹಾಗೇ ಜೋಪಾನವಾಗಿ ಇಟ್ಟರೆ ಸಾಕಲ್ವಾ?

ಉತ್ತರ: ಸಾಲದು, ಈ ವಾರವೇ ಬಿಚ್ಚಿಸಿ. 1989ರ ಆ ಮೆಷಿನ್‌ನಲ್ಲಿ ಗಡಿಯಾರಕ್ಕೆಂದು 3.6 ವೋಲ್ಟಿನ ಗಿಡ್ಡ ಲಿಥಿಯಂ ಬ್ಯಾಟರಿ ಇರುತ್ತದೆ. ಅದು ಒಡೆದರೆ ಬೋರ್ಡಿನ ತಾಮ್ರದ ಗೆರೆಗಳಷ್ಟೇ ಅಲ್ಲ, ಲೋಹದ ಚೌಕಟ್ಟನ್ನೂ ತಿಂದುಹಾಕುತ್ತದೆ. ಮೆಷಿನ್ ಆನ್ ಮಾಡದೇ ಇಟ್ಟರೂ ಬ್ಯಾಟರಿ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಇದೇ ದೊಡ್ಡ ಅಪಾಯ. ಕಪಾಟಿನಲ್ಲಿ ಸುರಕ್ಷಿತವಾಗಿದೆ ಅಂದುಕೊಂಡ ಮೆಷಿನ್‌ಗಳೇ ಹೀಗೆ ಹಾಳಾಗುವುದು. ಬೋರ್ಡಿನ ಮೇಲಿನ ಪುಟ್ಟ ಕೆಪಾಸಿಟರ್‌ಗಳೂ ಈ ಹೊತ್ತಿಗೆ ಸೋರಿರುತ್ತವೆ, ಅವನ್ನೂ ಬದಲಿಸಬೇಕು. ನೀವೇ ಬಿಚ್ಚಬೇಡಿ. ಒಳಗೆ ಟಿವಿಯಲ್ಲಿದ್ದಂಥ ಪಿಕ್ಚರ್ ಟ್ಯೂಬ್ ಇದೆ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಟಿವಿ ರಿಪೇರಿ ಗೊತ್ತಿರುವವರ ಕೈಲಿ ಮಾಡಿಸಿ.

ಇದು ಮ್ಯಾಕ್ ಒಂದರ ಕಥೆಯಲ್ಲ. ಅಮಿಗಾ 500 ಪ್ಲಸ್, ಕೆಲವು ಆರ್ಕಿಮಿಡೀಸ್, ಟಿಆರ್‌ಎಸ್-80 ಮಾಡೆಲ್ 100, ಆಗಿನ ಎಷ್ಟೋ 286, 386 ಪಿಸಿ ಬೋರ್ಡ್‌ಗಳಲ್ಲಿ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಕತ್ತರಿಸಿ ತೆಗೆಯಿರಿ. ಸೋರಿದ್ದು ಕ್ಷಾರ, ಹಾಗಾಗಿ ವಿನೆಗರ್ ಹಚ್ಚಿ ತೊಳೆದು, ಆಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಬಿಬಿಸಿ ಮೈಕ್ರೊ, ಆಪಲ್ 2 ಇದ್ದವರಿಗೆ ಬ್ಯಾಟರಿ ಚಿಂತೆ ಇಲ್ಲ, ಆದರೆ ಪವರ್ ಸಪ್ಲೈ ಒಳಗೆ ಜೇನಿನ ಬಣ್ಣದ, ಬಿರುಕು ಬಿಟ್ಟ ಕೆಪಾಸಿಟರ್ ಇದ್ದರೆ ಆನ್ ಮಾಡುವ ಮೊದಲೇ ಬದಲಿಸಿ. ಇಲ್ಲದಿದ್ದರೆ ಒಂದು ದಿನ ಹೊಗೆ ಗ್ಯಾರಂಟಿ, ಆ ವಾಸನೆ ಕೋಣೆಯಿಂದ ಬೇಗ ಹೋಗುವುದಿಲ್ಲ.

ಪ್ರಶ್ನೆ: ಆಪಲ್ 2 ಥರ ಇದೆ, ಆದರೆ ಆಪಲ್ ಗುರುತಿಲ್ಲ. ಫ್ರ್ಯಾಂಕ್ಲಿನ್ ಏಸ್ 1000 ಅಂತಿದೆ. ನಕಲಿ ಮಾಲು, ಬಿಡು ಅಂತ ಗೆಳೆಯರು ಅನ್ನುತ್ತಿದ್ದಾರೆ.

ಉತ್ತರ: ಬಿಡಬೇಡಿ! ಈ ಕಂಪನಿಯ ಮೇಲೆ ಆಪಲ್ ಹಾಕಿದ ಮೊಕದ್ದಮೆಯಲ್ಲೇ 1983ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು ಚಿಪ್ಪಿನೊಳಗೆ ಬರೆದಿಟ್ಟ ಪ್ರೋಗ್ರಾಂಗೂ ಕೃತಿಸ್ವಾಮ್ಯ ಇದೆ ಅಂತ ಹೇಳಿದ್ದು. ನಿಮ್ಮ ಕೈಲಿರುವುದು ಕಂಪ್ಯೂಟರ್ ಕಾನೂನಿನ ಒಂದು ತುಂಡು. ನಕಲುಗಳನ್ನು ಕೀಳು ಅಂತ ತಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅಸಲಿ ಮೆಷಿನ್ ಸಿಗದ, ಕೊಳ್ಳಲಾಗದ ಕಡೆ ಜನ ಕಂಪ್ಯೂಟರ್ ಕಲಿತದ್ದೇ ಇವುಗಳಲ್ಲಿ. ಬಲ್ಗೇರಿಯದ ಪ್ರಾವೆಟ್ಸ್ 82 ಆಪಲ್ 2ರ ನಕಲು, ಅಲ್ಲಿನ ಸಿರಿಲಿಕ್ ಲಿಪಿಯ ಜೊತೆ. ಬ್ರೆಜಿಲ್‌ನ ಟಿಕೆ90ಎಕ್ಸ್, ಚೆಕೊಸ್ಲೊವಾಕಿಯದ ಡಿಡಾಕ್ಟಿಕ್ ಗಾಮಾ ಸ್ಪೆಕ್ಟ್ರಮ್ಮಿನ ನಕಲುಗಳು. ಸೋವಿಯತ್ ಒಕ್ಕೂಟದಲ್ಲಿ ಹವ್ಯಾಸಿಗಳು ಮನೆಯಲ್ಲೇ ಸ್ಪೆಕ್ಟ್ರಮ್ ಕಟ್ಟಿಕೊಳ್ಳುತ್ತಿದ್ದರು, ಅಂಥ ಎರಡು ಮೆಷಿನ್ ಒಂದೇ ಥರ ಇರುವುದಿಲ್ಲ. ಗುರುತು ಹಿಡಿಯುವ ಕಷ್ಟ ಇಲ್ಲಿ ಎಲ್ಲಕ್ಕಿಂತ ಜಾಸ್ತಿ, ಖುಷಿಯೂ ಜಾಸ್ತಿ.

ಪ್ರಶ್ನೆ: ಸಂಗ್ರಹ ಶುರು ಮಾಡಬೇಕು ಅಂತಿದ್ದೇನೆ. ಜಾಗ ಕಮ್ಮಿ. ಎಲ್ಲಿಂದ ಶುರು ಮಾಡಲಿ? ಹಳೆಯದಾದಷ್ಟೂ ಅಪರೂಪ, ಹೌದಾ?

ಉತ್ತರ: ಹಳೆಯದು ಅನ್ನೋದಕ್ಕೂ ಅಪರೂಪ ಅನ್ನೋದಕ್ಕೂ ನೇರ ಸಂಬಂಧ ಇಲ್ಲ. ಎಷ್ಟು ಮಾಡಿದರು, ಎಷ್ಟು ಉಳಿದವು, ಅಷ್ಟೇ ಲೆಕ್ಕ. ಕಮೊಡೋರ್ 64 ಒಂದು ಕೋಟಿಗೂ ಜಾಸ್ತಿ ಮಾರಾಟವಾಗಿದೆ, 1976ರ ಆಪಲ್ 1 ತಯಾರಾದದ್ದು ಸುಮಾರು 200. ಇವೆರಡರ ನಡುವೆ ಆಮ್‌ಸ್ಟ್ರಾಡ್ ಸಿಪಿಸಿ664 ಥರದ್ದಿವೆ, 1985ರಲ್ಲಿ ಬಂದು ಕೆಲವೇ ತಿಂಗಳಲ್ಲಿ 6128ಕ್ಕೆ ಜಾಗ ಬಿಟ್ಟುಕೊಟ್ಟದ್ದು.

ಒಂದೊಂದು ಕಂಪನಿಯದ್ದೂ ಒಂದೊಂದು ಬೇಕು ಅಂತ ಹೊರಟರೆ ಮನೆ ತುಂಬುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ. ಒಂದೇ ಕುಟುಂಬ ಹಿಡಿಯಿರಿ. ಜಾಗ ಕಮ್ಮಿ ಇರುವವರಿಗೆ ನಾನು ಹೇಳುವುದು ಎಂಎಸ್‌ಎಕ್ಸ್. 1983ರಲ್ಲಿ ಮೈಕ್ರೊಸಾಫ್ಟ್ ಮತ್ತು ಜಪಾನಿನ ಆಸ್ಕಿ ಕಂಪನಿ ಸೇರಿ ಒಂದು ಮಾನದಂಡ ಪ್ರಕಟಿಸಿದವು, ಅದಕ್ಕೆ ತಕ್ಕಂತೆ ಸೋನಿ, ಫಿಲಿಪ್ಸ್, ಪ್ಯಾನಾಸೋನಿಕ್, ತೋಶಿಬಾ, ಸ್ಯಾನ್ಯೊ ಎಲ್ಲರೂ ತಮ್ಮ ತಮ್ಮ ಮೆಷಿನ್ ಮಾಡಿದರು. ಒಂದರ ಕಾರ್ಟ್ರಿಜ್ (ಪ್ರೋಗ್ರಾಂ ತುಂಬಿದ, ಸ್ಲಾಟಿಗೆ ಸಿಕ್ಕಿಸುವ ಡಬ್ಬಿ) ಇನ್ನೊಂದರಲ್ಲಿ ಓಡುತ್ತದೆ, ಹಾಗಿದ್ದೂ ಒಂದೊಂದರ ಮುಖ ಒಂದೊಂದು ಥರ. ಯಮಾಹಾದ ಸಿಎಕ್ಸ್5ಎಂ ಅಂತೂ ಸಂಗೀತಗಾರರಿಗೆಂದೇ ಒಳಗೆ ಎಫ್‌ಎಂ ಸಿಂಥ್ (ದನಿ ಹುಟ್ಟಿಸುವ ವಿದ್ಯುನ್ಮಾನ ವಾದ್ಯ) ಇಟ್ಟುಕೊಂಡು ಬಂತು. ಚಿಕ್ಕ ಪೆಟ್ಟಿಗೆಗಳು, ಒಂದು ಕಪಾಟಿನಲ್ಲಿ ಹಿಡಿಯುತ್ತವೆ. ಆಫೀಸಿನ ಮೆಷಿನ್‌ಗಳೇ ಇಷ್ಟ ಅಂದರೆ ಹೊತ್ತೊಯ್ಯುವ ಕಂಪ್ಯೂಟರ್‌ಗಳ ಸಾಲು ಚೆಂದ. 1981ರ ಆಸ್ಬೋರ್ನ್ 1, ಪರದೆ ಐದೇ ಇಂಚು, ತೂಕ ಸುಮಾರು 11 ಕಿಲೋ. ಮರುವರ್ಷದ ಕೇಪ್ರೊ 2, ಲೋಹದ ಪೆಟ್ಟಿಗೆ, ಪರದೆ ಒಂಬತ್ತು ಇಂಚು. 1983ರಲ್ಲಿ ಕಾಂಪ್ಯಾಕ್ ಪೋರ್ಟಬಲ್, ಐಬಿಎಂ ಪಿಸಿಯ ಪ್ರೋಗ್ರಾಂ ಓಡಿಸುವಂಥದ್ದು. ಎರಡೇ ವರ್ಷದಲ್ಲಿ ಉದ್ಯಮ ಯಾವ ಕಡೆ ತಿರುಗಿತು ಅಂತ ಈ ಮೂರನ್ನು ಪಕ್ಕಪಕ್ಕ ಇಟ್ಟರೇ ಕಾಣುತ್ತದೆ. ಕಾಂಪ್ಯಾಕ್ ಸಿಕ್ಕರೆ ಕೀಬೋರ್ಡ್ ಒತ್ತಿ ನೋಡಿ, ಒಳಗಿನ ಫೋಮ್ ಪುಡಿಯಾಗಿ ಕೀ ಸತ್ತಿರುವುದು ಸಾಮಾನ್ಯ, ಹೊಸ ಫೋಮ್ ಹಾಕಿ ಸರಿ ಮಾಡಬಹುದು.

ಪ್ರಶ್ನೆ: ಕಂಪ್ಯೂಟರ್ ಜೊತೆ ಒಂದು ಡಬ್ಬ ತುಂಬ 5.25 ಇಂಚಿನ ಫ್ಲಾಪಿ ಬಂದಿದೆ. ಹಾಕಿ ನೋಡಲಾ?

ಉತ್ತರ: ಮೊದಲು ಕಿಟಕಿಯಲ್ಲಿ ಕಾಣುವ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಮಸುಕಾದ ಚುಕ್ಕೆ ಕಂಡರೆ ಬೂಷ್ಟು, ಅದನ್ನು ಹಾಕಿದರೆ ಡ್ರೈವಿನ ಹೆಡ್ ಕೊಳೆಯಾಗಿ ಮುಂದಿನ ಒಳ್ಳೇ ಡಿಸ್ಕನ್ನೂ ಗೀರುತ್ತದೆ. ಚೆನ್ನಾಗಿರುವುದರ ಪಕ್ಕದ ಕಚ್ಚನ್ನು ಟೇಪ್ ಅಂಟಿಸಿ ಮುಚ್ಚಿ, ಆಗ ಅದರ ಮೇಲೆ ಏನೂ ಬರೆಯಲಾಗದು. ಆಮೇಲೆ ಹಳೇ ಮೆಷಿನ್ನಿಗೆ ಹಾಕುವ ಬದಲು ಗ್ರೀಸ್‌ವೀಝಲ್ ಥರದ ಪುಟ್ಟ ಬೋರ್ಡಿನ ಮೂಲಕ ಡ್ರೈವ್ ಜೋಡಿಸಿ ನಕಲು ತೆಗೆಯಿರಿ. ಅದು ಫೈಲ್ ಓದುವುದಿಲ್ಲ, ಡಿಸ್ಕಿನ ಮೇಲಿನ ಕಾಂತೀಯ ಏರಿಳಿತವನ್ನೇ ದಾಖಲಿಸುತ್ತದೆ. ಹಾಗಾಗಿ ಆಪಲ್‌ನದೋ ಕಮೊಡೋರ್‌ನದೋ ಅಂತ ಮೊದಲೇ ಗೊತ್ತಿರಬೇಕಿಲ್ಲ. ಓದುವ ಕೆಲಸಕ್ಕೆ 1.2 ಮೆಗಾಬೈಟಿನ ಡ್ರೈವ್ ಆಗುತ್ತದೆ, ಬರೆಯುವುದಕ್ಕೆ ಬಳಸಬೇಡಿ. ಅದರ ಟ್ರ್ಯಾಕ್ ಕಿರಿದು, 360 ಕಿಲೋಬೈಟಿನ ಡ್ರೈವ್ ಆ ಬರಹವನ್ನು ಸರಿಯಾಗಿ ಓದುವುದಿಲ್ಲ. ಲೆಕ್ಕಪತ್ರ, ಕಾಗದಗಳು ಅಂತ ಬೇರೆಯವರ ಖಾಸಗಿ ವಿಷಯ ಸಿಕ್ಕರೆ ಹಂಚಬೇಡಿ, ಮನೆಯವರಿಗೆ ಕೊಡಿ. ಡಿಸ್ಕಿನ ಮೇಲಿನ ಕೈಬರಹದ ಲೇಬಲ್‌ಗಳ ಫೋಟೊ ತೆಗೆದು ನಕಲಿನ ಜೊತೆಗೇ ಇಡಿ, ಯಾವ ಪ್ರೋಗ್ರಾಂ ಯಾವ ಮೆಷಿನ್‌ನದು ಅನ್ನುವುದಕ್ಕೆ ಎಷ್ಟೋ ಸಲ ಅದೊಂದೇ ಸುಳಿವು.

ಪ್ರಶ್ನೆ: ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-99/4ಎ ಕಂಪ್ಯೂಟರ್ ಎರಡು ಇವೆ, ಒಂದು ಕಪ್ಪು ಮತ್ತು ಬೆಳ್ಳಿ ಬಣ್ಣದ್ದು, ಒಂದು ತಿಳಿ ಕಂದು. ಒಂದೇ ಕಾರ್ಟ್ರಿಜ್ ಮೊದಲನೆಯದರಲ್ಲಿ ಓಡುತ್ತದೆ, ಎರಡನೆಯದರಲ್ಲಿ ಕಾಣಿಸುವುದೇ ಇಲ್ಲ. ಸ್ಲಾಟ್ ಕೆಟ್ಟಿದೆಯಾ?

ಉತ್ತರ: ತಿಳಿ ಕಂದಿನದನ್ನು ಕಾರ್ಟ್ರಿಜ್ ಇಲ್ಲದೆ ಆನ್ ಮಾಡಿ ಶುರುವಿನ ಪರದೆಯ ಕೆಳಗೆ ನೋಡಿ. 1983, ವಿ2.2 ಅಂತಿದ್ದರೆ ಸ್ಲಾಟ್ ಕೆಟ್ಟಿಲ್ಲದಿರುವ ಸಾಧ್ಯತೆಯೇ ಜಾಸ್ತಿ. ಬೇರೆ ಕಂಪನಿಗಳ ಎಷ್ಟೋ ಕಾರ್ಟ್ರಿಜ್ ಓಡದ ಹಾಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಆ ಆವೃತ್ತಿಯಲ್ಲಿ ತಡೆ ಹಾಕಿತ್ತು. ಟೆಕ್ಸಾಸ್‌ನದ್ದೇ ಕಾರ್ಟ್ರಿಜ್ ಒಂದನ್ನು ಹಾಕಿ ಪರೀಕ್ಷೆ ಮಾಡಿ. ಅದು ಓಡಿದರೆ ಮೆಷಿನ್ ಚೆನ್ನಾಗಿದೆ. ಅದೂ ಓಡದಿದ್ದರೆ ಸ್ಲಾಟಿನ ತುದಿಗಳನ್ನು ಐಸೊಪ್ರೊಪೈಲ್ ಹಾಕಿ ಒರೆಸಿ ಮತ್ತೆ ನೋಡಿ. ತಿಳಿ ಕಂದಿನವೆಲ್ಲ ವಿ2.2 ಅಲ್ಲ, ಹಾಗಾಗಿ ಬಣ್ಣ ನೋಡಿ ಹೇಳುವಂತಿಲ್ಲ, ಪರದೆ ನೋಡಿಯೇ ಹೇಳಬೇಕು.